ಎಂಬಿಎ ಮಾಡಿ ಕನ್ಸಲ್ಟಿಂಗ್‌ಗೆ ಹೋಗಬೇಕೆ? ಅಕ್ಟೋಬರ್‌ನಿಂದ ಹಿಂದಕ್ಕೆ ಎಣಿಸಿ

ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಕಾಲೇಜುಗಳಾದ ಐಐಎಂಗಳಲ್ಲಿ ಎಂಬಿಎ ತರಗತಿ ಶುರುವಾಗುವುದು ಜೂನ್ ತಿಂಗಳಲ್ಲಿ. ಸಮ್ಮರ್ ಇಂಟರ್ನ್‌ಶಿಪ್‌ಗೆ ಹುಡುಗರನ್ನು ಆರಿಸಲು ಕನ್ಸಲ್ಟಿಂಗ್ ಕಂಪನಿಗಳು ಕ್ಯಾಂಪಸ್ಸಿಗೆ ಬರುವುದು ಅದೇ ವರ್ಷದ ಅಕ್ಟೋಬರ್, ನವೆಂಬರ್ ಹೊತ್ತಿಗೆ. ನಡುವೆ ಸಿಗುವುದು ನಾಲ್ಕೈದು ತಿಂಗಳು ಅಷ್ಟೇ. ಸಿವಿಯನ್ನು ಅದಕ್ಕೂ ಮುಂಚೆಯೇ ಕೊಡಬೇಕು. ಆಗ ನಿಮ್ಮ ಕೈಯಲ್ಲಿ ಎಂಬಿಎದ ಒಂದು ಮಾರ್ಕ್ಸ್ ಕಾರ್ಡೂ ಇರುವುದಿಲ್ಲ. ಹಾಗಾದರೆ ಕಂಪನಿಯವರು ಏನು ನೋಡುತ್ತಾರೆ? ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಮಾಡಿದ ಕೆಲಸ, ಆಡಿದ ಆಟ, ಗೆದ್ದ ಬಹುಮಾನ. ಅಂದರೆ ಎಂಬಿಎಗೆ ಮುಂಚೆ ನೀವು ಏನಾಗಿದ್ದಿರಿ ಎನ್ನುವುದನ್ನು.

ಈ ಮಾತನ್ನು ಸೇರುವ ಮುಂಚೆ ಯಾರೂ ಹೇಳುವುದಿಲ್ಲ. ಕೋಚಿಂಗ್ ಸೆಂಟರ್‌ನವರು ಸೀಟು ಸಿಗುವ ತನಕ ಮಾತ್ರ ಮಾತಾಡುತ್ತಾರೆ. ಮನೆಯವರು ಸೀಟು ಸಿಕ್ಕಿತಲ್ಲ, ಇನ್ನೇನು ಅಂತಾರೆ. ಹುಡುಗ ಖುಷಿಯಾಗಿ ಏಪ್ರಿಲ್, ಮೇ ಎರಡೂ ತಿಂಗಳು ಊರಲ್ಲಿ ಕಳೆದು ಹಾಸ್ಟೆಲ್‌ಗೆ ಬರುತ್ತಾನೆ. ಎರಡನೇ ವಾರಕ್ಕೇ ಸೀನಿಯರ್ ಕೇಳುತ್ತಾಳೆ, 'ನಿನ್ನ ಸಿವಿ ರೆಡಿ ಇದೆಯಾ?' ಈ ಬರಹ ಆ ಹುಡುಗನಿಗೆ. ಆ ಪ್ರಶ್ನೆ ಬರುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಅವನ ಕೈಗೆ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಈ ಕೆಲಸ ಏನು?

ಬೆಂಗಳೂರಿನಲ್ಲಿ 'ಕನ್ಸಲ್ಟೆಂಟ್' ಅನ್ನುವ ಪದ ಹತ್ತು ಕೆಲಸಕ್ಕೆ ಹೊಂದುತ್ತದೆ. ಸ್ಯಾಪ್ ಸಾಫ್ಟ್‌ವೇರ್ ಕೂರಿಸುವವರೂ ಕನ್ಸಲ್ಟೆಂಟ್, ಕೆಲಸ ಕೊಡಿಸುವ ಏಜೆನ್ಸಿಯೂ ಕನ್ಸಲ್ಟೆನ್ಸಿ. ನಾವು ಇಲ್ಲಿ ಮಾತಾಡುತ್ತಿರುವುದು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಬಗ್ಗೆ. ಒಂದು ಕಂಪನಿಗೆ ದೊಡ್ಡ ಪ್ರಶ್ನೆ ಇರುತ್ತದೆ. ಲಾಭ ಯಾಕೆ ಇಳಿಯುತ್ತಿದೆ, ಹೊಸ ರಾಜ್ಯಕ್ಕೆ ಹೋಗಬೇಕಾ ಬೇಡವಾ, ಆ ಇನ್ನೊಂದು ಕಂಪನಿಯನ್ನು ಕೊಂಡುಕೊಳ್ಳಬಹುದಾ. ಅದಕ್ಕೆ ಹೊರಗಿನ ನಾಲ್ಕೈದು ಜನರ ತಂಡ ಬಂದು, ಕೆಲವು ವಾರ ಅಲ್ಲೇ ಕೂತು, ಲೆಕ್ಕ ಹಾಕಿ, ಜನರನ್ನು ಮಾತಾಡಿಸಿ, ಉತ್ತರ ಕೊಡುತ್ತದೆ.

ಈ ಕ್ಷೇತ್ರದಲ್ಲಿ ಮೂರು ಹೆಸರು ಎಲ್ಲರ ಬಾಯಲ್ಲೂ ಇವೆ. 1926ರಲ್ಲಿ ಶಿಕಾಗೋದಲ್ಲಿ ಶುರುವಾದ ಮೆಕಿನ್ಸಿ, 1963ರ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್, 1973ರ ಬೇನ್. ಕ್ಯಾಂಪಸ್ಸಿನಲ್ಲಿ ಇವನ್ನು ಒಟ್ಟಾಗಿ 'ಎಂಬಿಬಿ' ಅಂತಾರೆ. ಇವುಗಳ ಜೊತೆ ಕಿಯರ್ನಿ, ಆಲಿವರ್ ವೈಮನ್, ಆಕ್ಸೆಂಚರ್‌ನ ಸ್ಟ್ರಾಟಜಿ ವಿಭಾಗ, ಪಿಡಬ್ಲ್ಯುಸಿಯ 'ಸ್ಟ್ರಾಟಜಿ ಅಂಡ್' (Strategy&) ಇವೆ. ಆಮೇಲೆ ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯುಸಿ ಎಂಬ 'ಬಿಗ್ ಫೋರ್'. ಬಿಗ್ ಫೋರ್‌ಗಳಲ್ಲಿ ತೆರಿಗೆ, ಆಡಿಟ್, ತಂತ್ರಜ್ಞಾನ ಎಲ್ಲವೂ ಇರುತ್ತದೆ. ಹಾಗಾಗಿ ಅಲ್ಲಿ ಯಾವ ವಿಭಾಗಕ್ಕೆ ಆಫರ್ ಬಂದಿದೆ ಅಂತ ಕೇಳಿಕೊಳ್ಳದೆ ಸಹಿ ಹಾಕಬೇಡಿ. ಒಂದೇ ಬೋರ್ಡಿನ ಕೆಳಗೆ ಪೂರ್ತಿ ಬೇರೆ ಬೇರೆ ಕೆಲಸಗಳಿವೆ.

ಬದುಕು ಹೇಗಿರುತ್ತದೆ? ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ದೇವನಹಳ್ಳಿ ಕಡೆ ಕ್ಯಾಬ್, ಆರರ ವಿಮಾನ, ಗುರುವಾರ ರಾತ್ರಿ ವಾಪಸ್. ಕ್ಲೈಂಟ್ ಸಿಮೆಂಟ್ ಕಂಪನಿ ಆದರೆ ಹೋಟೆಲ್ಲೂ ಫ್ಯಾಕ್ಟರಿ ಇರುವ ಊರಲ್ಲೇ. ದಿನವಿಡೀ ಎಕ್ಸೆಲ್, ಪವರ್‌ಪಾಯಿಂಟ್, ಮೀಟಿಂಗ್. ಸಂಬಳ ಚೆನ್ನಾಗಿದೆ, ಕಲಿಯುವುದು ತುಂಬಾ ಇದೆ. ನಿದ್ದೆ ಕಡಿಮೆ. ಎರಡು ಮೂರು ವರ್ಷಕ್ಕೊಮ್ಮೆ ಮೇಲಿನ ಮೆಟ್ಟಿಲು ಹತ್ತಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು ಎನ್ನುವ ಪದ್ಧತಿ ಅನೇಕ ಕಡೆ ಇದೆ. ಇದನ್ನು ಕೇಳಿಯೂ ಮನಸ್ಸು 'ಹೌದು' ಅಂದರೆ ಮುಂದೆ ಓದಿ.

ಹಳೇ ಮಾರ್ಕ್ಸ್ ಕಾರ್ಡ್‌ಗಳನ್ನು ಹರಡಿಕೊಂಡು ಕೂರಿ

ಒಂದು ಭಾನುವಾರ ಬೆಳಿಗ್ಗೆ ಈ ಕೆಲಸ ಮಾಡಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೂರೂ 90ರ ಆಸುಪಾಸಿನಲ್ಲಿದ್ದರೆ ದಾರಿ ಸಲೀಸು. ಐಐಎಂ ಅಹಮದಾಬಾದ್, ಬೆಂಗಳೂರುಗಳಂಥ ಕಡೆ ಸೀಟು ಕೊಡುವಾಗಲೂ ಈ ಅಂಕಗಳಿಗೆ ತೂಕ ಇದೆ. ಮುಂದೆ ಕಂಪನಿಗಳು ಇಂಟರ್ವ್ಯೂಗೆ ಶಾರ್ಟ್‌ಲಿಸ್ಟ್ ಮಾಡುವಾಗಲೂ ಇದೆ. ಒಂದೇ ಅಂಕಪಟ್ಟಿ ಎರಡು ಸಲ ಕೆಲಸಕ್ಕೆ ಬರುತ್ತದೆ.

ಅಂಕ ಕಡಿಮೆ ಇದ್ದರೆ? ಹಳೆಯದನ್ನು ತಿದ್ದಲು ಆಗುವುದಿಲ್ಲ. ಆದರೆ ಹೊಸದನ್ನು ಸೇರಿಸಬಹುದು. ಶಾರ್ಟ್‌ಲಿಸ್ಟ್ ಮಾಡುವವರು ಹುಡುಕುವುದು 'ಈ ಮನುಷ್ಯ ಎಲ್ಲಾದರೂ ನೂರು ಜನರಲ್ಲಿ ಮೊದಲಿಗನಾಗಿದ್ದಾನಾ' ಅಂತ. ಅದು ಸಿಎ ಪರೀಕ್ಷೆಯ ರ‍್ಯಾಂಕ್ ಆಗಿರಬಹುದು, ರಾಜ್ಯಮಟ್ಟದ ಖೋ ಖೋ ಆಗಿರಬಹುದು, ಆಫೀಸಿನಲ್ಲಿ ಎಲ್ಲರಿಗಿಂತ ಮುಂಚೆ ಸಿಕ್ಕ ಪ್ರಮೋಷನ್ ಆಗಿರಬಹುದು. ಡಿಗ್ರಿ ಎರಡನೇ ವರ್ಷದಲ್ಲಿ ಇದನ್ನು ಓದುತ್ತಿದ್ದರೆ ನೀವು ಅದೃಷ್ಟವಂತರು. ಒಂದೇ ಒಂದು ವಿಷಯ ಹಿಡಿದು ಅದರಲ್ಲಿ ಆಳಕ್ಕೆ ಹೋಗಿ. ಐದು ಕ್ಲಬ್‌ನಲ್ಲಿ ಸುಮ್ನೆ ಹೆಸರು ಬರೆಸುವುದಕ್ಕಿಂತ ಒಂದು ಕ್ಲಬ್ ಕಟ್ಟಿದ್ದು ಮೇಲು.

ಕೆಲಸದ ಅನುಭವ ಬೇಕೇ ಬೇಕು ಅಂತೇನಿಲ್ಲ. ಐಐಎಂನ ಎರಡು ವರ್ಷದ ಕೋರ್ಸಿಗೆ ಡಿಗ್ರಿ ಮುಗಿಸಿ ನೇರ ಬರುವವರೂ ತುಂಬಾ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಎರಡು ವರ್ಷ ದುಡಿದು ಬರುವುದು ಒಳ್ಳೆಯದು. ಒಂದು ಆಫೀಸ್ ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ಕಂಡವರಿಗೆ ಕ್ಲಾಸಿನ ಪಾಠ ಬೇಗ ಹತ್ತುತ್ತದೆ.

ಇನ್ನೊಂದು ಮುಖ್ಯ ವಿಷಯ. ಐಐಎಂಗಳಲ್ಲಿ ಎಸ್‌ಸಿಗೆ ಶೇ. 15, ಎಸ್‌ಟಿಗೆ ಶೇ. 7.5, ಕೆನೆಪದರಕ್ಕೆ ಸೇರದ ಒಬಿಸಿಗೆ ಶೇ. 27, ಇಡಬ್ಲ್ಯುಎಸ್‌ಗೆ ಶೇ. 10 ಮೀಸಲಾತಿ ಇದೆ. ಅಂಗವಿಕಲರಿಗೆ ಶೇ. 5 ಇದೆ. ಇಲ್ಲಿ ನಮ್ಮ ರಾಜ್ಯದ ಹುಡುಗರು ಎಡವುವುದು ಒಬಿಸಿ ಸರ್ಟಿಫಿಕೇಟಿನಲ್ಲಿ. ನಾಡಕಚೇರಿಯಲ್ಲಿ ನಿಮಗೆ 2ಎ ಅಥವಾ 3ಬಿ ಅಂತ ಕೊಟ್ಟಿರುವುದು ರಾಜ್ಯದ ಪಟ್ಟಿಯ ಪ್ರಕಾರ. ಐಐಎಂ ನೋಡುವುದು ಕೇಂದ್ರದ ಪಟ್ಟಿಯನ್ನು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ, ಕೇಂದ್ರದ ನಮೂನೆಯಲ್ಲೇ ಸರ್ಟಿಫಿಕೇಟ್ ಮಾಡಿಸಿ. ಇದನ್ನು ಐಐಎಂ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ಗೆ ಅರ್ಜಿ ಹಾಕುವ ತಿಂಗಳಲ್ಲಿ ಶುರು ಮಾಡಿದರೆ ಓಡಾಟಕ್ಕೇ ಸಮಯ ಹೋಗುತ್ತದೆ. ಜೂನ್‌ನಲ್ಲೇ ಮುಗಿಸಿ.

ಯಾವ ಕಾಲೇಜು?

ಕನ್ಸಲ್ಟಿಂಗ್ ಮಟ್ಟಿಗೆ ಈ ಪ್ರಶ್ನೆಗೆ ಕಟುವಾದ ಉತ್ತರವೇ ಇದೆ. ಕಂಪನಿಗಳು ಎಲ್ಲ ಕಾಲೇಜಿಗೂ ಹೋಗುವುದಿಲ್ಲ. ಕೆಲವೇ ಕಾಲೇಜಿಗೆ ಹೋಗುತ್ತವೆ. ಆದ್ದರಿಂದ ಬೇರೆ ಕೆಲಸಗಳಿಗಿಂತ ಇಲ್ಲಿ ಕಾಲೇಜಿನ ಹೆಸರು ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಮೊದಲ ಸಾಲಿನಲ್ಲಿ 1961ರಲ್ಲಿ ಹುಟ್ಟಿದ ಐಐಎಂ ಕಲ್ಕತ್ತಾ ಮತ್ತು ಅಹಮದಾಬಾದ್, 1973ರ ಐಐಎಂ ಬೆಂಗಳೂರು. ಬೆಂಗಳೂರಿನದು ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಶಿ ವಿನ್ಯಾಸ ಮಾಡಿದ ಕಲ್ಲಿನ ಕ್ಯಾಂಪಸ್. ಅಲ್ಲಿನ ಪ್ಲೇಸ್‌ಮೆಂಟ್‌ನಲ್ಲಿ ವರ್ಷ ವರ್ಷವೂ ಕನ್ಸಲ್ಟಿಂಗ್‌ಗೆ ದೊಡ್ಡ ಪಾಲು ಸಿಗುತ್ತದೆ. ಇವುಗಳ ಜೊತೆ ಹೈದರಾಬಾದಿನ ಐಎಸ್‌ಬಿ. ಅದು ಒಂದು ವರ್ಷದ ಕೋರ್ಸ್, ಸ್ವಲ್ಪ ವರ್ಷ ದುಡಿದವರಿಗೆ ಹೇಳಿಮಾಡಿಸಿದ್ದು. ಆಮೇಲೆ ಐಐಎಂ ಲಕ್ನೋ, ಕೋಳಿಕ್ಕೋಡ್, ಇಂದೋರ್, ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ದೆಹಲಿಯ ಎಫ್‌ಎಂಎಸ್, ಮುಂಬೈನ ಎಸ್‌ಪಿ ಜೈನ್. ಎಫ್‌ಎಂಎಸ್ ದೆಹಲಿ ವಿಶ್ವವಿದ್ಯಾಲಯದ್ದು. ಉಳಿದವುಗಳ ಶುಲ್ಕದ ಮುಂದೆ ಅದರ ಶುಲ್ಕ ಏನೇನೂ ಅಲ್ಲ. ಸಾಲದ ಹೆದರಿಕೆ ಇರುವವರು ಅದನ್ನು ಪಟ್ಟಿಯ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ.

ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ನಮ್ಮ ರಾಜ್ಯದ ಕಾಲೇಜಿನಲ್ಲಿ ಎಂಬಿಎ ಮಾಡಿದರೆ? ಒಳ್ಳೆಯ ಓದು ಸಿಗಬಹುದು, ಕೆಲಸವೂ ಸಿಗಬಹುದು. ಆದರೆ ಅಲ್ಲಿಂದ ನೇರವಾಗಿ ಇಂಥ ಕನ್ಸಲ್ಟಿಂಗ್‌ಗೆ ಹೋಗುವ ಬಾಗಿಲು ತುಂಬಾ ಸಣ್ಣದು. ಒಂದು ಸಲ ಎಂಬಿಎ ಅಂತ ಎರಡು ವರ್ಷ ಕಳೆದ ಮೇಲೆ ಮತ್ತೊಂದು ಎಂಬಿಎಗೆ ಮನಸ್ಸೂ ದುಡ್ಡೂ ಬರುವುದು ಕಷ್ಟ. ಗುರಿ ಕನ್ಸಲ್ಟಿಂಗೇ ಆಗಿದ್ದರೆ ಒಂದು ವರ್ಷ ಕೆಲಸ ಮಾಡುತ್ತಾ ಕ್ಯಾಟ್ ಇನ್ನೊಮ್ಮೆ ಬರೆಯುವುದು ವಾಸಿ ಅಂತ ನನಗನ್ನಿಸುತ್ತದೆ.

ಕಾಲೇಜಿನ ಪ್ಲೇಸ್‌ಮೆಂಟ್ ವರದಿ ಓದುವಾಗ ಅತಿ ಹೆಚ್ಚು ಸಂಬಳದ ಅಂಕಿಯನ್ನು ಬಿಟ್ಟುಬಿಡಿ. ಸರಾಸರಿಯನ್ನೂ ನಂಬಬೇಡಿ. ನೋಡಬೇಕಾದದ್ದು ಮೀಡಿಯನ್, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯೆ ನಿಂತವರ ಸಂಬಳ. ಕೇಂದ್ರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಇದು ಸಿಗುತ್ತದೆ. ಆಮೇಲೆ ಕನ್ಸಲ್ಟಿಂಗ್‌ಗೆ ಹೋದವರು ಎಷ್ಟು ಜನ, ಯಾವ ಯಾವ ಕಂಪನಿಗೆ ಅಂತ ನೋಡಿ. ಒಂದು ಕಾಲೇಜಿನವರು ನನಗೆ ತೋರಿಸಿದ ಹೊಳೆಯುವ ಪುಸ್ತಿಕೆಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ಲಾಂಛನ ತುಂಬಿತ್ತು. ಕೇಳಿದರೆ ಅದರಲ್ಲಿ ಅರ್ಧ ಬರೀ ಅತಿಥಿ ಉಪನ್ಯಾಸಕ್ಕೆ ಬಂದವರು.

ವಿದೇಶದ ದಾರಿಯೂ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಫ್ರಾನ್ಸ್ ಮತ್ತು ಸಿಂಗಪುರದಲ್ಲಿ ಕ್ಯಾಂಪಸ್ ಇರುವ ಇನ್ಸಿಯಾಡ್‌ನಲ್ಲಿ 10 ತಿಂಗಳು. ಕನ್ಸಲ್ಟಿಂಗ್‌ಗೆ ಇನ್ಸಿಯಾಡ್ ಹೆಸರುವಾಸಿ. ಅಮೆರಿಕಕ್ಕೆ ಹೋಗುವವರು ಶುಲ್ಕದ ಜೊತೆಗೆ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್1ಬಿ ವೀಸಾದ ಲಾಟರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲಸ ಸಿಕ್ಕರೂ ಉಳಿಯಲು ಆಗುತ್ತದೆ ಅನ್ನುವ ಖಾತ್ರಿ ಇಲ್ಲ.

ಪರೀಕ್ಷೆಗಳು

ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಭಾನುವಾರಗಳಲ್ಲಿ. ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ, ಒಟ್ಟು ಎರಡು ಗಂಟೆ: ಇಂಗ್ಲಿಷ್ ಓದು, ಅಂಕಿ ಅಂಶ ಮತ್ತು ತರ್ಕ, ಗಣಿತ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಗಳನ್ನು ಕೊಟ್ಟಿರುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಕಳೆಯುತ್ತಾರೆ. 2024ರಲ್ಲಿ ಒಟ್ಟು 68 ಪ್ರಶ್ನೆ ಇದ್ದವು. ಡಿಗ್ರಿಯಲ್ಲಿ ಶೇ. 50 ಇದ್ದರೆ ಬರೆಯಬಹುದು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲರಿಗೆ ಶೇ. 45 ಸಾಕು. ಕೊನೆ ವರ್ಷದವರೂ ಬರೆಯಬಹುದು. ಎಕ್ಸ್‌ಎಲ್‌ಆರ್‌ಐಗೆ ಜನವರಿಯಲ್ಲಿ ಎಕ್ಸ್‌ಎಟಿ ಬೇರೆ ಇದೆ. ಐಎಸ್‌ಬಿ ಮತ್ತು ವಿದೇಶಕ್ಕೆ ಜಿಮ್ಯಾಟ್ ಅಥವಾ ಜಿಆರ್‌ಇ. ಈಗಿನ ಜಿಮ್ಯಾಟ್‌ನಲ್ಲಿ 45 ನಿಮಿಷದ ಮೂರು ಭಾಗ, 205ರಿಂದ 805ರ ತನಕ ಅಂಕ. ಆ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಭಾಗ ನೋಡಿ ಹೆದರುತ್ತಾರೆ. ಆ ಭಾಗದಲ್ಲಿ ವ್ಯಾಕರಣ, ಕಷ್ಟದ ಪದಗಳ ಪರೀಕ್ಷೆ ಹೆಚ್ಚೇನೂ ಇಲ್ಲ. ಬಹುಪಾಲು ಇರುವುದು ಉದ್ದನೆಯ ಬರಹ ಓದಿ 'ಲೇಖಕ ಏನು ಹೇಳಿದ' ಅಂತ ಹಿಡಿಯುವುದು. ದಿನಕ್ಕೆ ಒಂದು ಗಂಭೀರ ಇಂಗ್ಲಿಷ್ ಲೇಖನ ಓದಿ, ಅದರ ಸಾರವನ್ನು ಕನ್ನಡದಲ್ಲೇ ಮೂರು ಸಾಲಿಗೆ ಬರೆಯಿರಿ. ಎಂಟು ತಿಂಗಳು ಬಿಡದೆ ಮಾಡಿ. ಕೋಚಿಂಗ್ ಇಲ್ಲದೆಯೂ ಇದು ಆಗುತ್ತದೆ. ಅಣಕು ಪರೀಕ್ಷೆಗಳಿಗೆ ಮಾತ್ರ ದುಡ್ಡು ಕೊಡಿ. ಬರೆದ ಪ್ರತಿ ಅಣಕು ಪರೀಕ್ಷೆಯನ್ನು ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಕೂತು ಪರಿಶೀಲಿಸಿ.

ದುಡ್ಡಿನ ಲೆಕ್ಕ

ದೊಡ್ಡ ಐಐಎಂಗಳಲ್ಲಿ ಎರಡು ವರ್ಷಕ್ಕೆ 25 ಲಕ್ಷದ ಆಸುಪಾಸು ಖರ್ಚು. ಈ ಅಂಕಿ ಕೇಳಿಯೇ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಅಪ್ಪನ ಹತ್ತಿರ ಜಮೀನಿನ ಪತ್ರ ಕೇಳುವ ಮುಂಚೆ ಇದನ್ನು ತಿಳಿದುಕೊಳ್ಳಿ. ಈ ಮಟ್ಟದ ಕಾಲೇಜುಗಳಿಗೆ ಬ್ಯಾಂಕುಗಳು ಅಡಮಾನ ಇಲ್ಲದೆ ಸಾಲ ಕೊಡುತ್ತವೆ. ಎಸ್‌ಬಿಐನ ಸ್ಕಾಲರ್ ಲೋನ್ ಅಂಥದ್ದು. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲೂ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಅಡಮಾನ, ಜಾಮೀನು ಎರಡೂ ಬೇಡ. ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿಗೂ ಅವಕಾಶ ಇದೆ. ಎಸ್‌ಸಿ ವಿದ್ಯಾರ್ಥಿಗಳಿಗೆ ಕೇಂದ್ರದ ಟಾಪ್ ಕ್ಲಾಸ್ ಶಿಕ್ಷಣ ಯೋಜನೆ ಇದೆ. ಐಐಎಂಗಳೇ ಬಡ ಕುಟುಂಬದವರಿಗೆ ಶುಲ್ಕ ಕಡಿಮೆ ಮಾಡುತ್ತವೆ. ಅರ್ಜಿ ಹಾಕಲು ಸಂಕೋಚ ಬೇಡ.

ಕಂತಿನ ಲೆಕ್ಕ ಹೀಗೆ. 25 ಲಕ್ಷ, ಶೇ. 9 ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 31,700 ರೂಪಾಯಿ. 15 ವರ್ಷಕ್ಕೆ ಹಂಚಿದರೆ ಸುಮಾರು 25,400. ಓದುವಾಗಿನ ಬಡ್ಡಿ ಸೇರಿಕೊಂಡರೆ ಇನ್ನೂ ಸ್ವಲ್ಪ ಏರುತ್ತದೆ. ಕನ್ಸಲ್ಟಿಂಗ್ ಸಂಬಳದಲ್ಲಿ ಇದು ಭಾರ ಅಲ್ಲ. ಆದರೆ ಕನ್ಸಲ್ಟಿಂಗ್ ಸಿಗದೇ ಹೋದರೂ ಕಾಲೇಜಿನ ಮೀಡಿಯನ್ ಸಂಬಳದಲ್ಲಿ ಈ ಕಂತು ಕಟ್ಟಲು ಆಗುತ್ತದಾ? ಆಗುತ್ತದೆ ಅಂದರೆ ಮಾತ್ರ ಸಾಲ ಮಾಡಿ.

ಏಪ್ರಿಲ್, ಮೇ: ಸಿವಿ ಬರೆಯುವ ಕಾಲ

ಸೀಟು ಖಚಿತವಾದ ದಿನದಿಂದ ತರಗತಿ ಶುರುವಾಗುವವರೆಗಿನ ಹೊತ್ತು ಚಿನ್ನ. ಸಿವಿ ಒಂದೇ ಪುಟ. ಪ್ರತಿ ಸಾಲಿಗೂ ಪುರಾವೆ ಬೇಕು, ಕ್ಯಾಂಪಸ್ಸಿನಲ್ಲಿ ಸರ್ಟಿಫಿಕೇಟ್ ಕೇಳುತ್ತಾರೆ. ಹಾಗಾಗಿ ಹಳೇ ಕಾಲೇಜು, ಹಳೇ ಆಫೀಸುಗಳಿಂದ ಪತ್ರಗಳನ್ನು ಈಗಲೇ ತರಿಸಿಕೊಳ್ಳಿ.

ಸಾಲು ಬರೆಯುವುದು ಹೇಗೆ ಅಂತ ಒಂದು ಉದಾಹರಣೆ. ಹುಡುಗಿಯೊಬ್ಬಳು ಮೊದಲು ಬರೆದದ್ದು: 'ಕಾಲೇಜು ಹಬ್ಬದ ಸಮಿತಿಯ ಸದಸ್ಯೆ'. ಇದರಿಂದ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಕೂತು ಮಾತಾಡಿಸಿದಾಗ ಹೊರಬಂದದ್ದೇ ಬೇರೆ. ಹಿಂದಿನ ವರ್ಷ ಹಬ್ಬಕ್ಕೆ ದುಡ್ಡು ಸಾಲದೆ ಅರ್ಧ ಕಾರ್ಯಕ್ರಮ ನಿಂತಿತ್ತು. ಇವಳು ಊರಿನ ಬಟ್ಟೆ ಅಂಗಡಿ, ಟ್ರ್ಯಾಕ್ಟರ್ ಶೋರೂಂ ಅಂತ 40 ಕಡೆ ಹತ್ತಿಳಿದು 11 ಕಡೆಯಿಂದ 2.6 ಲಕ್ಷ ತಂದಿದ್ದಳು. ಸಾಲು ಹೀಗಾಯಿತು: '40 ವ್ಯಾಪಾರಿಗಳನ್ನು ಭೇಟಿ ಮಾಡಿ 11 ಪ್ರಾಯೋಜಕರಿಂದ 2.6 ಲಕ್ಷ ಸಂಗ್ರಹ. ಹಿಂದಿನ ವರ್ಷಕ್ಕಿಂತ ಎರಡು ಪಟ್ಟು'. ಅದೇ ಹುಡುಗಿ, ಅದೇ ಕೆಲಸ. ಏನು ಮಾಡಿದೆ, ಎಷ್ಟು, ಅದರಿಂದ ಏನಾಯಿತು: ಪ್ರತಿ ಸಾಲಿನಲ್ಲೂ ಈ ಮೂರು ಇರಲಿ. ಸುಳ್ಳು ಒಂದಕ್ಷರವೂ ಬೇಡ. ಇಂಟರ್ವ್ಯೂನಲ್ಲಿ ಕೆದಕುವುದು ಆ ಸಾಲನ್ನೇ.

ಕೇಸ್ ಬಿಡಿಸುವುದು

ಈಗ ಅಸಲು ವಿಷಯಕ್ಕೆ ಬರೋಣ. ಕನ್ಸಲ್ಟಿಂಗ್ ಇಂಟರ್ವ್ಯೂ ಅಂದರೆ 'ಕೇಸ್'. ಎದುರು ಕೂತವರು ಒಂದು ವ್ಯಾಪಾರದ ಸಮಸ್ಯೆ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ನೀವು ಮಾತಾಡುತ್ತಾ, ಹಾಳೆಯಲ್ಲಿ ಬರೆಯುತ್ತಾ ಅದನ್ನು ಬಿಡಿಸಬೇಕು. ಅವರಿಗೆ ಉತ್ತರಕ್ಕಿಂತ ನೀವು ಗಂಟು ಬಿಡಿಸುವ ರೀತಿ ಮುಖ್ಯ.

ಸಿದ್ಧ ಚೌಕಟ್ಟುಗಳನ್ನು ಬಾಯಿಪಾಠ ಮಾಡಿ ಬರುವವರು ಬೇಗ ಸಿಕ್ಕಿಬೀಳುತ್ತಾರೆ. ಬೇಕಾದದ್ದು ಒಂದು ಅಭ್ಯಾಸ: ಯಾವುದೇ ಸಮಸ್ಯೆಯನ್ನು ಒಂದರ ಮೇಲೊಂದು ಬೀಳದ, ಏನೂ ಬಿಟ್ಟುಹೋಗದ ಭಾಗಗಳಾಗಿ ಒಡೆಯುವುದು. ಕ್ಯಾಂಪಸ್ಸಿನಲ್ಲಿ ಇದಕ್ಕೆ 'ಮೀಸಿ' ಅಂತಾರೆ. ನಮ್ಮ ಮನೆಗಳಲ್ಲಿ ಮದುವೆ ಖರ್ಚಿನ ಪಟ್ಟಿ ಮಾಡುವಾಗ ಛತ್ರ, ಊಟ, ಒಡವೆ, ಬಟ್ಟೆ, ಓಡಾಟ ಅಂತ ಒಡೆಯುತ್ತೇವಲ್ಲ, ಅದೇ.

ಹಾಸ್ಟೆಲ್ ರೂಮಿನಲ್ಲಿ ಇಬ್ಬರು ಗೆಳೆಯರು ಅಭ್ಯಾಸ ಮಾಡುತ್ತಿರುವುದನ್ನು ಹತ್ತಿರದಿಂದ ನೋಡಿ.

'ಜಯನಗರದಲ್ಲಿ ಒಂದು ದರ್ಶಿನಿ. ಹೋದ ವರ್ಷ ತಿಂಗಳಿಗೆ 3 ಲಕ್ಷ ಲಾಭ. ಈ ವರ್ಷ 1.8 ಲಕ್ಷ. ಮಾಲೀಕರಿಗೆ ಯಾಕೆ ಅಂತ ಗೊತ್ತಾಗ್ತಿಲ್ಲ. ಹೇಳೋ, ಏನಾಗಿದೆ?'

'ಒಂದು ನಿಮಿಷ ಕೊಡು. ಲಾಭ ಇಳಿದಿದೆ ಅಂದ್ರೆ ಒಂದು, ಗಲ್ಲಾಕ್ಕೆ ಬರೋದು ಕಡಿಮೆಯಾಗಿರಬೇಕು. ಇಲ್ಲ, ಖರ್ಚು ಜಾಸ್ತಿಯಾಗಿರಬೇಕು. ಇಲ್ಲ, ಎರಡೂ. ಮೊದಲು ಗಲ್ಲಾ ನೋಡ್ತೀನಿ. ಹೋದ ವರ್ಷ ದಿನಕ್ಕೆ ಎಷ್ಟು ಜನ, ಒಬ್ಬರು ಎಷ್ಟು ಖರ್ಚು ಮಾಡ್ತಿದ್ರು?'

'1,000 ಜನ. ತಲೆಗೆ 60 ರೂಪಾಯಿ.'

'ಹಾಗಾದ್ರೆ ದಿನಕ್ಕೆ 60,000, ತಿಂಗಳಿಗೆ 18 ಲಕ್ಷ. ಈ ವರ್ಷ?'

'ಈಗ್ಲೂ 18 ಲಕ್ಷವೇ.'

ಇಲ್ಲಿ ಅನೇಕರು 'ಸರಿ, ಖರ್ಚಿಗೆ ಹೋಗೋಣ' ಅಂತ ಮುಂದೆ ಓಡುತ್ತಾರೆ. ಈ ಹುಡುಗ ನಿಂತ.

'ಒಟ್ಟು ಅಷ್ಟೇ ಇದೆ. ಆದ್ರೆ ಒಳಗೆ ಏನಾದ್ರೂ ಬದಲಾಗಿದೆಯಾ? ಎಲ್ಲಾ ಕೌಂಟರಿಂದಲೇ ಬರ್ತಿದೆಯಾ?'

'ಒಳ್ಳೇ ಪ್ರಶ್ನೆ. ಕೌಂಟರಲ್ಲಿ ಈಗ 800 ಜನ. ಉಳಿದಿದ್ದು ಡೆಲಿವರಿ ಆ್ಯಪಿಂದ. ದಿನಕ್ಕೆ 100 ಆರ್ಡರ್, ಒಂದಕ್ಕೆ 120 ರೂಪಾಯಿ.'

'ಅಂದ್ರೆ ಕೌಂಟರಲ್ಲಿ 48,000, ಆ್ಯಪಲ್ಲಿ 12,000. ಆ್ಯಪಿನವರು ಕಮಿಷನ್ ತಗೋತಾರೆ. ಎಷ್ಟು?'

'ಶೇಕಡಾ 25. ಡಬ್ಬ, ಕವರ್ ಅಂತ ಆರ್ಡರಿಗೆ 10 ರೂಪಾಯಿ ಬೇರೆ.'

'120ಕ್ಕೆ ಕಮಿಷನ್ 30, ಪ್ಯಾಕಿಂಗ್ 10. ಒಂದು ಆರ್ಡರಿಗೆ 40 ಹೋಯ್ತು. ದಿನಕ್ಕೆ 4,000. ತಿಂಗಳಿಗೆ 1.2 ಲಕ್ಷ. ಲಾಭ ಇಳಿದಿದ್ದೂ 1.2 ಲಕ್ಷವೇ! ಬೇರೆ ಖರ್ಚೇನೂ ಏರಿಲ್ಲ ಅಂದ್ರೆ ಪೂರ್ತಿ ಸೋರಿಕೆ ಇಲ್ಲೇ. ನೋಡು, ಕೌಂಟರಲ್ಲಿ ಕಡಿಮೆಯಾದ 200 ಜನ ಕೊಡ್ತಿದ್ದದ್ದೂ 12,000. ಇವರು ಹೊಸ ಗಿರಾಕಿಗಳಲ್ಲ. ಹಳಬರೇ ಮನೆಗೆ ತರಿಸಿಕೊಳ್ತಿದಾರೆ ಅನ್ಸುತ್ತೆ.'

'ಅನ್ಸೋದು ಬೇಡ. ಹೇಗೆ ಖಾತ್ರಿ ಮಾಡ್ಕೋತೀಯ?'

'ಆ್ಯಪ್ ಆರ್ಡರುಗಳು ಎಷ್ಟು ದೂರದಿಂದ ಬರ್ತವೆ ನೋಡ್ತೀನಿ. ಹೆಚ್ಚಿನವು ಒಂದು ಕಿಲೋಮೀಟರ್ ಒಳಗಿದ್ರೆ ನನ್ನ ಊಹೆ ಸರಿ. ಆಮೇಲೆ ಬೆಳಿಗ್ಗೆ ಎಂಟರಿಂದ ಹತ್ತರ ತನಕ ಅಂಗಡಿ ಮುಂದೆ ನಿಂತು ನೋಡ್ತೀನಿ. ಡೆಲಿವರಿ ಹುಡುಗರ ನೂಕುನುಗ್ಗಲಿಗೆ ಬೇಜಾರಾಗಿ ಜನ ವಾಪಸ್ ಹೋಗ್ತಿರಬಹುದು.'

'ಸರಿ. ಮಾಲೀಕರಿಗೆ ಏನು ಹೇಳ್ತೀಯ?'

'ಆ್ಯಪಲ್ಲಿ ರೇಟ್ ಏರಿಸಿ ಅನ್ಬಹುದು. ಆದ್ರೆ ಕೈಗೆ ಅದೇ 120 ಬರಬೇಕು ಅಂದ್ರೆ ಸುಮಾರು 173 ಇಡಬೇಕು. ದರ್ಶಿನಿ ದೋಸೆಗೆ ಅಷ್ಟು ಯಾರೂ ಕೊಡಲ್ಲ. ಅದರ ಬದಲು ಪಾರ್ಸೆಲ್‌ಗೇ ಬೇರೆ ಕಿಟಕಿ ಮಾಡಿ, ಫೋನಲ್ಲಿ ಆರ್ಡರ್ ತಗೊಳ್ಳಲಿ. ಡಬ್ಬದ ದುಡ್ಡು ಗಿರಾಕಿನೇ ಕೊಡ್ತಾರೆ. 100ರಲ್ಲಿ 50 ಆರ್ಡರ್ ಆ ಕಡೆ ತಿರುಗಿದ್ರೂ ದಿನಕ್ಕೆ 2,000, ತಿಂಗಳಿಗೆ 60,000 ಉಳಿಯುತ್ತೆ. ಅರ್ಧ ನಷ್ಟ ವಾಪಸ್.'

ಇಷ್ಟೇ. ದೊಡ್ಡ ಪದ ಒಂದೂ ಇಲ್ಲ. ಒಡೆದ, ಕೇಳಿದ, ಲೆಕ್ಕ ಹಾಕಿದ, ಸಂಖ್ಯೆಗಳು ತಾಳೆಯಾದಾಗ ಗಮನಿಸಿದ, ಊಹೆಯನ್ನು ಪರೀಕ್ಷಿಸುವ ದಾರಿ ಹೇಳಿದ, ಸಲಹೆಗೆ ಬೆಲೆ ಕಟ್ಟಿದ. ಒಟ್ಟು ಗಲ್ಲಾ ಬದಲಾಗಿಲ್ಲ ಅಂತ ತಿಳಿದ ಮೇಲೂ ಒಳಗೆ ಇಣುಕಿದನಲ್ಲ, ಅವನು ಗೆದ್ದದ್ದು ಅಲ್ಲಿ.

ಇಂಟರ್ವ್ಯೂ ನಡೆಯುವುದು ಇಂಗ್ಲಿಷಿನಲ್ಲಿ, ನಿಜ. ಆದರೆ ಮೊದಲ ಹತ್ತು ಹದಿನೈದು ಕೇಸ್‌ಗಳನ್ನು ಕನ್ನಡದಲ್ಲೇ ಬಿಡಿಸಿ. ಯೋಚನೆಯ ದಾರಿ ಮೊದಲು ಗಟ್ಟಿಯಾಗಲಿ. ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ಪದ ಹುಡುಕುವುದರಲ್ಲೇ ಲೆಕ್ಕ ತಪ್ಪುತ್ತದೆ. ಆಮೇಲೆ ಅದೇ ಕೇಸ್‌ಗಳನ್ನು ಇಂಗ್ಲಿಷಿನಲ್ಲಿ ಇನ್ನೊಬ್ಬರಿಗೆ ಹೇಳಿ. ದೊಡ್ಡ ಕಾಲೇಜುಗಳ ಕನ್ಸಲ್ಟಿಂಗ್ ಕ್ಲಬ್‌ಗಳು ಹಿಂದಿನ ವರ್ಷ ಕೇಳಿದ ಕೇಸ್‌ಗಳನ್ನು ಸೇರಿಸಿ 'ಕೇಸ್‌ಬುಕ್' ಮಾಡುತ್ತವೆ. ಅವನ್ನು ಒಬ್ಬರೇ ಕೂತು ಕಾದಂಬರಿ ಹಾಗೆ ಓದಬೇಡಿ. ಒಬ್ಬರು ಕೇಳಬೇಕು, ಒಬ್ಬರು ಬಿಡಿಸಬೇಕು, ಮೂರನೆಯವರು ನೋಡಿ ತಪ್ಪು ಹೇಳಬೇಕು. ಹೀಗೆ ನಲವತ್ತು ಐವತ್ತು ಕೇಸ್ ಆಗುವ ಹೊತ್ತಿಗೆ ಕೈ ಪಳಗುತ್ತದೆ.

ಅಂದಾಜು ಲೆಕ್ಕದ ಪ್ರಶ್ನೆಗಳೂ ಬರುತ್ತವೆ. ಮೆಜೆಸ್ಟಿಕ್‌ನಲ್ಲಿ ದಿನಕ್ಕೆ ಎಷ್ಟು ಕಪ್ ಕಾಫಿ ಮಾರಾಟವಾಗುತ್ತದೆ, ಆ ಥರದ್ದು. ಬಸ್ಸಿಗೆ ಕಾಯುವಾಗ ಇವನ್ನು ಮನಸ್ಸಲ್ಲೇ ಮಾಡಿ. ಕ್ಯಾಲ್ಕುಲೇಟರ್ ಮುಟ್ಟದೆ ಶೇಕಡಾ ಲೆಕ್ಕ, ಮಗ್ಗಿ ಚುರುಕಾಗಿರಲಿ.

ನಿಮ್ಮ ಕಥೆ

ಕೇಸ್ ಜೊತೆಗೆ ನಿಮ್ಮ ಬಗ್ಗೆಯೂ ಕೇಳುತ್ತಾರೆ. ಯಾರನ್ನಾದರೂ ಒಪ್ಪಿಸಿದ್ದು, ತಂಡವನ್ನು ನಡೆಸಿದ್ದು, ಸೋತದ್ದು. ಐದಾರು ನಿಜ ಘಟನೆಗಳನ್ನು ವಿವರವಾಗಿ ಬರೆದಿಟ್ಟುಕೊಳ್ಳಿ. ಆ ದಿನ ಯಾರು ಏನಂದರು, ನೀವು ಏನಂದಿರಿ ಎನ್ನುವ ಮಟ್ಟಕ್ಕೆ. ಅಪ್ಪನ ಅಂಗಡಿಯಲ್ಲಿ ಕೂತು ಸಾಲದ ಪುಸ್ತಕ ಸರಿ ಮಾಡಿದ್ದು, ಊರಿನ ಡೈರಿಯಲ್ಲಿ ಹಾಲಿನ ಲೆಕ್ಕ ಬರೆದದ್ದು, ಇಂಥವನ್ನು ಹೇಳಲು ನಮ್ಮ ಹುಡುಗರು ನಾಚಿಕೊಳ್ಳುತ್ತಾರೆ. ದಯವಿಟ್ಟು ನಾಚಿಕೊಳ್ಳಬೇಡಿ. ವ್ಯಾಪಾರವನ್ನು ಅಷ್ಟು ಹತ್ತಿರದಿಂದ ಕಂಡವರು ಆ ಕೋಣೆಯಲ್ಲಿ ಕಡಿಮೆ ಜನ.

ಸಮ್ಮರ್ ಆದಮೇಲೆ

ಇಂಟರ್ನ್‌ಶಿಪ್ ಸಿಕ್ಕರೆ ಏಪ್ರಿಲ್, ಮೇ ತಿಂಗಳಲ್ಲಿ ಸುಮಾರು ಎರಡು ತಿಂಗಳು ಕಂಪನಿಯಲ್ಲಿ ಕೆಲಸ. ಚೆನ್ನಾಗಿ ಮಾಡಿದವರಿಗೆ ಪಿಪಿಒ, ಅಂದರೆ ಅಲ್ಲಿಂದಲೇ ಕಾಯಂ ಕೆಲಸದ ಆಫರ್. ಮೊದಲ ವಾರವೇ ಮ್ಯಾನೇಜರ್‌ಗೆ 'ನನ್ನ ಕೆಲಸದಲ್ಲಿ ಏನು ತಿದ್ದಿಕೊಳ್ಳಬೇಕು' ಅಂತ ಕೇಳಿ. ಕೊನೆಯ ವಾರ ಕೇಳಿದರೆ ಉಪಯೋಗ ಇಲ್ಲ.

ಸಿಗದಿದ್ದರೆ ಎರಡನೇ ವರ್ಷದ ಕೊನೆಯ ಭಾಗದಲ್ಲಿ ಫೈನಲ್ ಪ್ಲೇಸ್‌ಮೆಂಟ್ ಇದೆ. ಆಗ ಎಂಬಿಎ ಅಂಕಗಳು, ಗೆದ್ದ ಕೇಸ್ ಸ್ಪರ್ಧೆಗಳು ಸಿವಿಗೆ ಸೇರಿರುತ್ತವೆ. ಮೊದಲ ಸಲ ಶಾರ್ಟ್‌ಲಿಸ್ಟ್ ಆಗದವರು ಎರಡನೇ ಸಲ ಆದದ್ದಿದೆ. ಅಲ್ಲೂ ಆಗದಿದ್ದರೆ ದೊಡ್ಡ ಕಂಪನಿಗಳ ಒಳಗಿನ ಸ್ಟ್ರಾಟಜಿ ತಂಡಗಳನ್ನು ನೋಡಿ. ಬೆಂಗಳೂರಿನಲ್ಲಿ ತುಂಬಿರುವ ಜಿಸಿಸಿಗಳಲ್ಲಿ (ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಕಚೇರಿಗಳು), ಬಿಗ್ ಫೋರ್‌ಗಳಲ್ಲಿ ಇದೇ ಬಗೆಯ ಕೆಲಸ ಇದೆ. ಒಂದು ಉದ್ಯಮದಲ್ಲಿ, ಬ್ಯಾಂಕಾಗಲಿ ಆಸ್ಪತ್ರೆಯಾಗಲಿ, ಎರಡು ಮೂರು ವರ್ಷ ಆಳವಾಗಿ ದುಡಿದವರನ್ನು ಕನ್ಸಲ್ಟಿಂಗ್ ಕಂಪನಿಗಳು ಹೊರಗಿನಿಂದಲೂ ತೆಗೆದುಕೊಳ್ಳುತ್ತವೆ. ಆಗ ಕೇಳುವುದೂ ಕೇಸೇ. ದರ್ಶಿನಿಯ ಹಾಳೆಯನ್ನು ಎಸೆಯದೆ ಇಟ್ಟುಕೊಂಡಿರಿ.